ಮೀಟಿಂಗಿನ ಇಂಗ್ಲಿಷ್: ವಿನಯ ಯಾರಿಗೆ, ಖಚಿತತೆ ಯಾವುದಕ್ಕೆ?

ಬೆಂಗಳೂರಿನ ಕಂಪನಿಗಳು ಹೊಸದಾಗಿ ಸೇರಿದವರಿಗೆ ಕೊಡುವ ‘ಸಾಫ್ಟ್ ಸ್ಕಿಲ್ಸ್’ ತರಬೇತಿಯಲ್ಲಿ ಮೀಟಿಂಗಿನ ಇಂಗ್ಲಿಷ್‌ಗೆಂದು ಒಂದು ಪಾಠ ಇರುವುದು ವಾಡಿಕೆ. ಒಪ್ಪಿಗೆ ಇಲ್ಲದಿದ್ದರೂ ನೇರವಾಗಿ ‘ನೋ’ ಎನ್ನಬೇಡಿ, ‘ಐ ಸೀ ಯುವರ್ ಪಾಯಿಂಟ್’ ಎಂದು ಶುರುಮಾಡಿ. ಏನಾದರೂ ಬೇಕಿದ್ದರೆ ‘ಕುಡ್ ಯು ಪ್ಲೀಸ್’ ಸೇರಿಸಿ. ಕೆಟ್ಟ ಸುದ್ದಿಯಿದ್ದರೆ ‘ಐ ಆಮ್ ಅಫ್ರೈಡ್’ ಎಂದು ಪೀಠಿಕೆ ಹಾಕಿ. ಈ ಸಲಹೆಗಳಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರುವುದು ಪಾಠ ಅಲ್ಲಿಗೇ ನಿಂತುಬಿಡುವುದರಲ್ಲಿ. ಯಾವ ಮಾತನ್ನು ಮೆತ್ತಗೆ ಹೇಳಬೇಕು, ಯಾವುದನ್ನು ಹಾಗೆ ಹೇಳಲೇಬಾರದು ಎಂಬುದು ಪಾಠದೊಳಗೆ ಬರುವುದೇ ಅಪರೂಪ. ಹೀಗಾಗಿ ಎದುರಿಗಿರುವ ವ್ಯಕ್ತಿಗೆ ತೋರಬೇಕಾದ ವಿನಯವನ್ನು ನಾವು ಅಂಕಿ ಅಂಶಗಳಿಗೂ ತೋರಿಸುತ್ತೇವೆ. ಕೆಲಸ ತಡವಾಗುವುದು ಗೊತ್ತಿದ್ದೂ ‘ವಿ ವಿಲ್ ಟ್ರೈ ಅವರ್ ಬೆಸ್ಟ್’ ಎಂದರೆ ಕಿವಿಗೆ ಹಿತ. ಆದರೆ ಕೇಳಿಸಿಕೊಂಡವರ ಕೈಗೆ ಸಿಗುವುದು ತಪ್ಪು ಮಾಹಿತಿ. ವ್ಯಕ್ತಿಯ ಬಗ್ಗೆ ಮೃದುವಾಗಿ, ವಸ್ತುಸ್ಥಿತಿಯ ಬಗ್ಗೆ ಖಚಿತವಾಗಿ ಮಾತನಾಡುವುದನ್ನು ಕಲಿಸದ ತರಬೇತಿ ಅರ್ಧ ತರಬೇತಿ. ಉಳಿದರ್ಧವನ್ನು ಹೊಸಬರಿಗಿಂತ ಮೊದಲು ಕಲಿಯಬೇಕಾದವರು ಮೀಟಿಂಗ್ ನಡೆಸುವ ಹಿರಿಯರು ಎಂಬುದು ನನ್ನ ವಾದ.

ಮೆತ್ತಗಿನ ಮಾತಿಗೆ ತೆತ್ತ ಬೆಲೆ ಕಚೇರಿಗಳಲ್ಲಿ ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಡೆಡ್‌ಲೈನ್ ತಪ್ಪುತ್ತದೆ, ಕ್ಲೈಂಟ್ ಸಿಟ್ಟಾಗುತ್ತಾರೆ, ಒಂದಿಷ್ಟು ಇಮೇಲ್ ಓಡಾಡುತ್ತವೆ, ಅಲ್ಲಿಗೆ ಮುಗಿಯಿತು. ಆಡಿದ ಮಾತು ಅಕ್ಷರಶಃ ದಾಖಲಾಗುವುದು ವಿಮಾನಯಾನದಲ್ಲಿ. ಆದ್ದರಿಂದ ಸಾಕ್ಷ್ಯವನ್ನೂ ಅಲ್ಲಿಂದಲೇ ತರಬೇಕು. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಅವಿಯಾಂಕಾ ಸಂಸ್ಥೆಯ 52ನೇ ಸಂಖ್ಯೆಯ ವಿಮಾನವನ್ನು ಕೆಟ್ಟ ಹವಾಮಾನದ ಕಾರಣ ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಕಾಯಿಸಲಾಯಿತು. ಇಂಧನ ತಳ ಕಾಣುತ್ತಿತ್ತು. ಸಹಪೈಲಟ್ ‘ಪ್ರಯಾರಿಟಿ’ ಬೇಕೆಂದು ಕೇಳಿದರು. ಇಳಿಯುವ ಮೊದಲ ಯತ್ನ ವಿಫಲವಾದ ಮೇಲೆ, ನಿಯಂತ್ರಕರ ಸೂಚನೆಯನ್ನು ಪುನರುಚ್ಚರಿಸುತ್ತಾ ಅದರ ಬಾಲಕ್ಕೆ ‘ಇಂಧನ ಮುಗಿಯುತ್ತಿದೆ, ಸರ್’ ಎಂದು ಸೇರಿಸಿದರು. ಹದಿನೈದು ಮೈಲಿ ಸುತ್ತಿಸಿ ಮತ್ತೆ ಕರೆತರುತ್ತೇನೆ, ನಿಮ್ಮ ಇಂಧನಕ್ಕೆ ಅದು ಸರಿಹೋಗುತ್ತದೆಯೇ ಎಂದು ನಿಯಂತ್ರಕರು ಕೇಳಿದ್ದಕ್ಕೆ ಬಂದ ಉತ್ತರ: ‘ಐ ಗೆಸ್ ಸೋ, ಥ್ಯಾಂಕ್ ಯು ವೆರಿ ಮಚ್.’ ಎಮರ್ಜೆನ್ಸಿ ಎಂದು ತಿಳಿಸು ಎಂದು ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದ್ದರು. ಆ ಪದ ಮಾತ್ರ ನೆಲದ ಮೇಲಿದ್ದವರಿಗೆ ತಲುಪಲೇ ಇಲ್ಲ. ವಿಮಾನ ಲಾಂಗ್ ಐಲೆಂಡ್‌ನ ಗುಡ್ಡವೊಂದರ ಮೇಲೆ ಬಿತ್ತು. ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು.

ಆ ಉತ್ತರಕ್ಕೆ ಯಾವ ತರಬೇತುದಾರರೂ ಅಂಕ ಕಡಿಯಲಾರರು. ವ್ಯಾಕರಣ ಸರಿ, ಸೌಜನ್ಯ ಸರಿ, ಕೊನೆಯಲ್ಲಿ ಕೃತಜ್ಞತೆಯೂ ಇದೆ. ಇಲ್ಲದಿದ್ದದ್ದು ‘ಇಲ್ಲ’ ಎಂಬ ಉತ್ತರ. ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ತುರ್ತು ಸ್ಥಿತಿಯನ್ನು ತಿಳಿಸದ ಸಿಬ್ಬಂದಿಯನ್ನು ದೂರಿತು, ನಿಜ. ಆದರೆ ಇಂಧನದ ಸ್ಥಿತಿಯನ್ನು ಹೇಳಲು ಪೈಲಟ್‌ಗಳಿಗೂ ನಿಯಂತ್ರಕರಿಗೂ ಒಂದೇ ಅರ್ಥ ಕೊಡುವ, ನಿಗದಿಯಾದ ಪದಗಳೇ ಇರಲಿಲ್ಲ ಎಂಬುದನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿತು. ಈ ಘಟನೆಯನ್ನು ಉದಾಹರಿಸುವ ಮ್ಯಾನೇಜ್‌ಮೆಂಟ್ ಪುಸ್ತಕಗಳು ಲ್ಯಾಟಿನ್ ಅಮೆರಿಕದವರ ಸಂಕೋಚ, ಮೇಲು ಕೀಳಿನ ಭಾವ ಎಂದೆಲ್ಲ ವಿವರಿಸಿ ಸುಮ್ಮನಾಗುವುದುಂಟು. ಮಂಡಳಿ ಅಲ್ಲಿಗೆ ಸುಮ್ಮನಾಗಲಿಲ್ಲ ಎಂಬುದೇ ಮುಖ್ಯ. ಇಂದು ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ‘ಮಿನಿಮಮ್ ಫ್ಯುಯಲ್’, ‘ಮೇಡೇ ಫ್ಯುಯಲ್’ ಎಂಬ ಎರಡು ಮಾತುಗಳಿಗೆ ನಿಗದಿಯಾದ ಅರ್ಥವಿದೆ. ಅವುಗಳನ್ನು ಹೇಳಲು ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ನಮ್ಮ ಐಟಿ ಕಚೇರಿಗಳ ಸ್ಟೇಟಸ್ ರಿಪೋರ್ಟ್‌ನಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳನ್ನು ತಂದದ್ದೂ ಇದೇ ಉದ್ದೇಶಕ್ಕೆ. ಪ್ರಾಜೆಕ್ಟ್‌ಗಳು ಕೊನೆಯ ವಾರದವರೆಗೆ ಹಳದಿಯಲ್ಲೇ ಉಳಿದು ಒಮ್ಮೆಲೇ ಕೆಂಪಾಗುವುದನ್ನು ಕಂಡವರಿಗೆ, ಬಣ್ಣಕ್ಕೂ ಸಂಕೋಚ ಅಂಟಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಇದು ಇಂಗ್ಲಿಷ್ ಕಲಿತು ಆಡುವವರ ಸಮಸ್ಯೆ ಎಂದು ಯಾರಾದರೂ ಅಂದುಕೊಂಡರೆ, ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಕಡತವನ್ನು ತೆರೆಯಬೇಕು. 2003ರ ಜನವರಿ 16ರಂದು ಉಡಾವಣೆಯ ಹೊತ್ತಿಗೆ ನೊರೆಯಂಥ ನಿರೋಧಕ ವಸ್ತುವಿನ ತುಂಡೊಂದು ಕಳಚಿ ನೌಕೆಯ ಎಡ ರೆಕ್ಕೆಗೆ ಬಡಿಯಿತು. ಅದರ ಪರಿಣಾಮವೇನು ಎಂಬುದರ ಬಗ್ಗೆ ನಾಸಾದ ಅಧಿಕಾರಿಗಳ ಮುಂದೆ ಎಂಜಿನಿಯರ್‌ಗಳು ಪವರ್‌ಪಾಯಿಂಟ್ ಪ್ರದರ್ಶಿಸಿದರು. ನಿರ್ಣಾಯಕ ಸ್ಲೈಡಿನ ತಲೆಬರಹ ಓದಿದವರಿಗೆ ಎಲ್ಲವೂ ಸುರಕ್ಷಿತ ಎನಿಸುವಂತಿತ್ತು. ಬಡಿದ ತುಂಡು ಪರೀಕ್ಷೆಗಳಲ್ಲಿ ಬಳಸಿದ್ದಕ್ಕಿಂತ 600 ಪಟ್ಟಿಗೂ ಹೆಚ್ಚು ದೊಡ್ಡದು, ಅಂದರೆ ಆ ಪರೀಕ್ಷೆಗಳ ಫಲಿತಾಂಶ ಇಲ್ಲಿಗೆ ಅನ್ವಯಿಸುವುದೇ ಅನುಮಾನ ಎಂಬ ಸಂಗತಿ ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ‘ಸಿಗ್ನಿಫಿಕೆಂಟ್’ ಎಂಬ, ಏನನ್ನೂ ಅಳೆದು ಹೇಳದ ಪದ ಆ ಒಂದೇ ಪುಟದಲ್ಲಿ ಐದು ಬಾರಿ ಬಂದಿತ್ತು. ಫೆಬ್ರುವರಿ 1ರಂದು ನೌಕೆ ಛಿದ್ರವಾಗಿ ಏಳು ಮಂದಿ ಸತ್ತ ಮೇಲೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡಿಗೆಂದೇ ಜಾಗ ಮೀಸಲಿಟ್ಟಿತು. ಸೊಗಸಾದ ಕಾರ್ಪೊರೇಟ್ ಇಂಗ್ಲಿಷ್ ಎಂದು ನಾವು ಅನುಕರಿಸುವ ಶೈಲಿ ಇದೇ.

ಮಾತನ್ನು ಮೆತ್ತಗಾಗಿಸುವ ಒತ್ತಡ ಎಲ್ಲ ಭಾಷೆಗಳಲ್ಲೂ ಇದೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಸೌಜನ್ಯದ ಬಗ್ಗೆ ರೂಪಿಸಿದ ಹೆಸರಾಂತ ಸಿದ್ಧಾಂತಕ್ಕೆ ಇಂಗ್ಲಿಷ್ ಮತ್ತು ಮೆಕ್ಸಿಕೊದ ತ್ಸೆಲ್ತಾಲ್ ಜೊತೆಗೆ ನಮ್ಮ ನೆರೆಯ ತಮಿಳೂ ಆಧಾರವಾಗಿತ್ತು. ಕೇಳುವವರ ಅಧಿಕಾರ, ಇಬ್ಬರ ನಡುವಿನ ದೂರ, ಕೋರಿಕೆಯ ಭಾರ, ಈ ಮೂರೂ ಹೆಚ್ಚಿದಷ್ಟು ಮಾತು ಸುತ್ತುಬಳಸುತ್ತದೆ ಎಂಬುದು ಅವರ ಲೆಕ್ಕ. ಇದನ್ನು ಮೀಟಿಂಗಿಗೆ ಅನ್ವಯಿಸಿದರೆ ಅಪಾಯದ ಅರ್ಥ ಹೊಳೆಯುತ್ತದೆ. ಸುದ್ದಿ ಎಷ್ಟು ಗಂಭೀರವೋ, ಅದನ್ನು ಒಪ್ಪಿಸಬೇಕಾದವರು ಎಷ್ಟು ದೊಡ್ಡವರೋ, ಅಷ್ಟರಮಟ್ಟಿಗೆ ಅದು ಮಸುಕಾಗಿ ಹೊರಬರುತ್ತದೆ. ಅತ್ಯಂತ ಸ್ಪಷ್ಟವಾಗಿ ಕೇಳಿಸಬೇಕಾದದ್ದೇ ಅತ್ಯಂತ ಅಸ್ಪಷ್ಟವಾಗುತ್ತದೆ.

ಸೌಜನ್ಯದ ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿಸಿದರೆ ಅವು ಅಂದುಕೊಂಡ ಕೆಲಸ ಮಾಡುತ್ತವೆ ಎಂಬ ಖಾತರಿಯೂ ಇಲ್ಲ. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನ ಪ್ರಕರಣವನ್ನು ದಾಖಲಿಸಿದ್ದಾರೆ. ಊಟ ಬಡಿಸಲು ಹೊಸದಾಗಿ ಸೇರಿದ್ದ ಭಾರತ, ಪಾಕಿಸ್ತಾನ ಮೂಲದ ಮಹಿಳೆಯರು ಒರಟರು ಎಂಬ ದೂರಿತ್ತು. ಅವರು ಕೇಳುತ್ತಿದ್ದದ್ದು ಒಂದೇ ಪದ, ‘ಗ್ರೇವಿ?’ ಬ್ರಿಟಿಷರು ಅದನ್ನು ಸ್ವರ ಏರಿಸಿ ಹೇಳಿದರೆ ಬಡಿಸಲೇ ಎಂಬ ವಿಚಾರಣೆ. ಈ ಮಹಿಳೆಯರು ತಮ್ಮ ಭಾಷೆಯ ರೂಢಿಯಂತೆ ಸ್ವರ ಇಳಿಸಿ ಹೇಳಿದಾಗ ಅದು ಬೇಕಿದ್ದರೆ ತಗೋ ಎಂಬಂತೆ ಕೇಳಿಸುತ್ತಿತ್ತು. ಇಂಥ ಏರಿಳಿತವನ್ನು ಎರಡು ದಿನದ ತರಬೇತಿ ತಿದ್ದಲಾರದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಂಜಿನಿಯರ್‌ಗೆ ಇನ್ನೊಬ್ಬರ ನಾಡಿನ ಒನಪನ್ನು ತುಂಬುವ ಬದಲು, ತಾರೀಖು, ಮೊತ್ತ, ಹೊಣೆಗಾರರ ಹೆಸರು ಇರುವ ಸಣ್ಣ ವಾಕ್ಯಗಳನ್ನು ರೂಢಿಮಾಡಿಸುವುದು ಲೇಸು. ‘ಥ್ಯಾಂಕ್ಸ್ ಫಾರ್ ವೇಟಿಂಗ್. ಜೂನ್ 10ಕ್ಕೆ ಆಗುವುದಿಲ್ಲ, 24ಕ್ಕೆ ಕೊಡುತ್ತೇವೆ, ಕಾರಣ ಇದು’ ಎಂಬಷ್ಟನ್ನು ಸರಳ ಇಂಗ್ಲಿಷ್‌ನಲ್ಲಿ ಹೇಳಿದರೆ ಸೌಜನ್ಯಕ್ಕೆ ಕೊರತೆಯಾಗದು, ಸಂಗತಿಯೂ ಮುಕ್ಕಾಗದು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಹಿರಿಯರೆದುರು ಖಡಾಖಂಡಿತವಾಗಿ ಮಾತನಾಡುವುದು ನಮ್ಮ ಸಂಸ್ಕೃತಿಗೆ ಒಗ್ಗದು ಎಂಬುದು ಒಂದು. ಇದು ಅಷ್ಟು ತೂಕದ್ದಲ್ಲ. ಮನೆಯ ಹಿರಿಯರಿಗೆ ಗೌರವ ಕೊಡುತ್ತಲೇ ಸಾಲದ ಲೆಕ್ಕವನ್ನು ಪೈಸೆ ಬಿಡದೆ ಒಪ್ಪಿಸುವುದು ಇಲ್ಲಿ ಯಾರಿಗೂ ಉದ್ಧಟತನ ಎನಿಸಿಲ್ಲ. ಎರಡನೆಯದು ನಿಜಕ್ಕೂ ಗಟ್ಟಿ: ಸ್ಪಷ್ಟವಾಗಿ ಹೇಳಿದ ಕಿರಿಯರಿಗೆ ಅಪ್ರೈಸಲ್‌ನಲ್ಲಿ ‘ನೆಗೆಟಿವ್’ ಎಂಬ ಹಣೆಪಟ್ಟಿ ಬೀಳುತ್ತದೆ, ಆ ನಷ್ಟ ಕಟ್ಟಿಕೊಡುವವರು ಯಾರು? ಚಾಲೆಂಜರ್ ನೌಕೆಯ ಕತೆ ಈ ಆಕ್ಷೇಪದ ಪರವೇ ನಿಲ್ಲುತ್ತದೆ. 1986ರ ಜನವರಿ 27ರ ರಾತ್ರಿ ನಡೆದ ಟೆಲಿಫೋನ್ ಮೀಟಿಂಗಿನಲ್ಲಿ ರಾಕೆಟ್ ತಯಾರಕ ಸಂಸ್ಥೆ ಥಯೊಕಾಲ್‌ನ ಎಂಜಿನಿಯರ್‌ಗಳು ಯಾವ ಮೆತ್ತಗಿನ ಮಾತನ್ನೂ ಆಡಿರಲಿಲ್ಲ. ಉಷ್ಣಾಂಶ 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದು ಅಂಕಿಯನ್ನೇ ಮುಂದಿಟ್ಟಿದ್ದರು. ನಾಸಾ ಅಧಿಕಾರಿಗಳು ಅಸಮಾಧಾನ ತೋರಿದ ಬಳಿಕ ಸಂಸ್ಥೆಯ ಒಳಸಭೆಯಲ್ಲಿ, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಲು ಹೇಳಲಾಯಿತು. ಸಲಹೆ ತಿರುವುಮುರುವಾಯಿತು, ಮರುದಿನ ಏಳು ಜೀವಗಳು ಹೋದವು.

ಹಾಗಾದರೆ ಸ್ಪಷ್ಟತೆ ವ್ಯರ್ಥವೇ? ಚಾಲೆಂಜರ್ ಹೇಳುವುದು ಬೇರೆ. ಹೇಳುವವರ ಬಾಯಿಯನ್ನಷ್ಟೇ ತಿದ್ದಿ ಕೇಳುವವರ ಕಿವಿಯನ್ನು ಹಾಗೇ ಬಿಟ್ಟರೆ ಫಲವಿಲ್ಲ. ವಿಮಾನಯಾನ ಇದನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಾಗ, ರನ್‌ವೇ ಖಾಲಿಯಾಗಿಲ್ಲವೇನೋ ಎಂಬ ಶಂಕೆಯನ್ನು ಫ್ಲೈಟ್ ಎಂಜಿನಿಯರ್ ಪ್ರಶ್ನೆಯ ರೂಪದಲ್ಲಿ ಎತ್ತಿದ್ದರು. ಕ್ಯಾಪ್ಟನ್ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರು. ಆ ಬಳಿಕ ರೂಪುಗೊಂಡ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ತರಬೇತಿಯಲ್ಲಿ ಕಿರಿಯರು ದನಿ ಎತ್ತುವುದನ್ನು ಎಷ್ಟು ಕಲಿಯುತ್ತಾರೋ, ಅದನ್ನು ಕೇಳಿಸಿಕೊಳ್ಳುವುದನ್ನು ಕ್ಯಾಪ್ಟನ್ನರು ಅಷ್ಟೇ ಕಲಿಯಬೇಕು. ಕಚೇರಿಯ ಮೀಟಿಂಗಿಗೆ ಇದನ್ನು ತರಲು ದೊಡ್ಡ ಖರ್ಚೇನೂ ಇಲ್ಲ. ಅಧ್ಯಕ್ಷತೆ ವಹಿಸಿದವರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ, ಅತಿ ಕಿರಿಯರಿಂದ ಶುರುಮಾಡಲಿ. ‘ಓಕೆ ಅಲ್ಲವೇ?’ ಎಂದು ಕೇಳಿದರೆ ಬರುವುದು ‘ಓಕೆ’ ಮಾತ್ರ; ‘ಇದು ಕೈಕೊಡುವುದಾದರೆ ಎಲ್ಲಿ?’ ಎಂದು ಕೇಳಲಿ. ‘ಟ್ರೈ ಮಾಡುತ್ತೇವೆ’ ಎಂಬ ಉತ್ತರ ಬಂದರೆ ತಾರೀಖು ಹೇಳುವವರೆಗೆ ಮುಂದಿನ ವಿಷಯಕ್ಕೆ ಹೋಗದಿರಲಿ. ಕ್ಲೈಂಟ್ ಅಮೆರಿಕದವರೋ ಬ್ರಿಟನ್ನಿನವರೋ ಆಗಿದ್ದರೆ, ಕ್ರಿಕೆಟ್, ಬೇಸ್‌ಬಾಲ್‌ನಿಂದ ಹೆಕ್ಕಿದ ನುಡಿಗಟ್ಟುಗಳನ್ನು ಬಿಟ್ಟು ಸರಳವಾಗಿ, ನಿಧಾನವಾಗಿ ಮಾತನಾಡಿ ಎಂದು ಅವರನ್ನು ಕೇಳಿಕೊಳ್ಳುವ ಧೈರ್ಯವೂ ಈ ಹಿರಿಯರಿಗೆ ಇರಬೇಕು. ಭಾಷೆಯ ಹೊರೆಯನ್ನೆಲ್ಲ ಬೆಂಗಳೂರಿನ ಕಡೆಯವರೇ ಹೊರಬೇಕೆಂದು ಯಾವ ಕರಾರಿನಲ್ಲೂ ಬರೆದಿರುವುದಿಲ್ಲ. ಕಂಪನಿಗಳ ಎಚ್‌ಆರ್ ವಿಭಾಗಗಳು ಬರುವ ವರ್ಷದ ತರಬೇತಿ ಪಟ್ಟಿಯನ್ನು ಸಿದ್ಧಪಡಿಸುವಾಗ, ಮೊದಲ ತಂಡದಲ್ಲಿ ಹೊಸಬರ ಬದಲು ವಿಭಾಗದ ಮುಖ್ಯಸ್ಥರ ಹೆಸರುಗಳನ್ನು ಬರೆಯಲಿ.