ಆಸೆಯನ್ನು ಆಸೆಯೆಂದೇ ಕರೆಯೋಣ

ಹಳೆಯ ಕಾರೊಂದನ್ನು ಆಸೆಪಟ್ಟು ಕೊಳ್ಳುವುದು ಬೇರೆ, ಅದನ್ನೇ ‘ಹೂಡಿಕೆ’ ಎಂದು ಹೇಳಿಕೊಂಡು ಕೊಳ್ಳುವುದು ಬೇರೆ. ಮೊದಲನೆಯದರ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಎರಡನೆಯದರ ಬಗ್ಗೆ ಇದೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಲೆಂದೇ ಈ ನಾಲ್ಕು ಮಾತು.

ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ನೆಲೆಸಿದ್ದಾರೆ. ವಾರಕ್ಕೊಮ್ಮೆ ಬರುವ ಅವರ ಫೋನಿನಲ್ಲಿ ಈಚೆಗೆ ಹೊಸ ಹೆಸರುಗಳು ಕೇಳಿಬರುತ್ತಿವೆ: ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೋಟಾ ಸುಪ್ರಾ, ಮಾಜ್ದಾ ಆರ್‌ಎಕ್ಸ್-7. ಎರಡೇ ಬಾಗಿಲಿನ, ತಗ್ಗು ಮೈಯ, ಓಟಕ್ಕೆಂದೇ ಕಟ್ಟಿದ ಜಪಾನೀ ಕಾರುಗಳಿವು. ವಯಸ್ಸು ಇಪ್ಪತ್ತು ಮೂವತ್ತು ವರ್ಷ ದಾಟಿದೆ. ಬೆಲೆ ಕೇಳಿ ತಂದೆ ಗಾಬರಿಯಾದರೆ ಮಗ ಹೇಳುವ ಸಮಾಧಾನ ಒಂದೇ: ‘ಅಪ್ಪಾ, ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟು. ಮುಂದೆ ಬೆಲೆ ಏರುತ್ತೆ.’ ಈ ಮಾತು ನಂಬಿ ನಿವೃತ್ತಿ ಹಣದ ಠೇವಣಿ ಮುರಿಸುವ ಮಾತುಕತೆಯೂ ಕೆಲವು ಮನೆಗಳಲ್ಲಿ ನಡೆದಿದೆ. ಆದ್ದರಿಂದ, ಪರದೇಶದ ಹುಡುಗರ ಹವ್ಯಾಸ, ನಮಗೇಕೆ ಎಂದು ಸುಮ್ಮನಿರುವಂತಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದೇ ಇಲ್ಲ. ಬಳಸಿದ ಕಾರನ್ನು ಹೊರಗಿನಿಂದ ತರಿಸಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದೆಂಬುದು ನಮ್ಮ ಆಮದು ನೀತಿ. ಮೇಲೆ ಭಾರಿ ಸುಂಕ ಬೇರೆ. 1990ರ ದಶಕದ ಸ್ಕೈಲೈನ್ ಆ ಬಾಗಿಲಲ್ಲಿ ನುಸುಳುವುದಿಲ್ಲ. ಹಾಗಾಗಿ ಕಾರು ಅಲ್ಲಿ, ಚಿಂತೆ ಇಲ್ಲಿ.

ಕಾರುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವಿಜ್ಞಾನ ಓದಿದವರು ಯಾರೇ ಆದರೂ ಇವುಗಳೆದುರು ತಲೆದೂಗಲೇಬೇಕು. 1989ರಿಂದ 1994ರವರೆಗೆ ತಯಾರಾದ ಆರ್-32 ಸ್ಕೈಲೈನ್ ಜಿಟಿ-ಆರ್‌ನಲ್ಲಿ 2568 ಸಿ.ಸಿ.ಯ ಆರು ಸಿಲಿಂಡರು, ಎರಡು ಟರ್ಬೋ. ಸಾಧಾರಣವಾಗಿ ಹಿಂದಿನ ಚಕ್ರಗಳೇ ಎಳೆತವನ್ನು ಹೊತ್ತರೂ, ಅವು ಜಾರತೊಡಗಿದ ಕ್ಷಣವೇ ಯಂತ್ರವೇ ಅರಿತು ಮುಂದಿನ ಚಕ್ರಗಳಿಗೂ ಶಕ್ತಿಯನ್ನು ಹಂಚುತ್ತದೆ. ಆರ್‌ಎಕ್ಸ್-7 ಇನ್ನೊಂದು ವಿಸ್ಮಯ: ಅದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನೇ ಇಲ್ಲ, ತಲಾ 654 ಸಿ.ಸಿ.ಯ ಎರಡು ರೋಟರುಗಳು ಸುತ್ತುತ್ತವೆ. ಜಪಾನಿನ ತಯಾರಕರು ತಮ್ಮತಮ್ಮಲ್ಲೇ ಒಂದು ಮರ್ಯಾದೆಯ ಒಪ್ಪಂದ ಮಾಡಿಕೊಂಡು, 2004ರವರೆಗೆ ತಮ್ಮ ನಾಡಿನಲ್ಲಿ 280 ಅಶ್ವಶಕ್ತಿಗಿಂತ ಹೆಚ್ಚನ್ನು ಯಾವ ಕಾರಿಗೂ ಘೋಷಿಸುತ್ತಿರಲಿಲ್ಲ. ಆ ಮಿತಿಯೊಳಗೇ ಇಷ್ಟು ಸಾಧಿಸಿದ ಎಂಜಿನಿಯರುಗಳಿಗೆ ನಮ್ಮ ನಮಸ್ಕಾರ.

ಆದರೆ ಇಂದು ಇವುಗಳ ಬೆಲೆ ಏರಿರುವುದು ಎಂಜಿನಿಯರುಗಳಿಂದಲ್ಲ. ಅವರು ತಮ್ಮ ಕೆಲಸವನ್ನು ಮುಗಿಸಿ ಎಷ್ಟೋ ಕಾಲವಾಯಿತು. ಒಂದು ಕಾರಣ ಕಾನೂನು. ಅಮೆರಿಕದಲ್ಲಿ 1988ರ ಕಾಯಿದೆಯ ಪ್ರಕಾರ, 25 ವರ್ಷ ತುಂಬಿದ ವಾಹನವನ್ನು ಆ ದೇಶದ ಸುರಕ್ಷತಾ ಮಾನದಂಡಗಳ ಗೊಡವೆಯಿಲ್ಲದೆ ತರಿಸಬಹುದು. ಆರ್-32ಕ್ಕೆ ಆ ಬಾಗಿಲು 2014ರಲ್ಲಿ ತೆರೆಯಿತು, 1999ರ ಆರ್-34ಕ್ಕೆ 2024ರಲ್ಲಿ. ಬಾಗಿಲು ತೆರೆದಾಗಲೆಲ್ಲ ನೂಕುನುಗ್ಗಲು. ಇನ್ನೊಂದು ಕಾರಣ ಸಿನಿಮಾ. 2001ರ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಚಿತ್ರದಲ್ಲಿ ಬಳಸಿದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ ಹರಾಜಿನಲ್ಲಿ ಐದೂವರೆ ಲಕ್ಷ ಡಾಲರಿಗೆ ಹೋಯಿತು. ಅಂದು ಚಿತ್ರಮಂದಿರದಲ್ಲಿ ಕೂತು ಬೆರಗಾಗಿದ್ದ ಹುಡುಗರಿಗೆ ಇಂದು ಕೈತುಂಬ ಸಂಬಳ. ಅವರು ಕೊಳ್ಳುತ್ತಿರುವುದು ತಮ್ಮ ಹದಿನೆಂಟನೆಯ ವಯಸ್ಸನ್ನು. ಅದಕ್ಕೆ ಬೆಲೆ ಕಟ್ಟುವುದು ಅವರಿಗೆ ಬಿಟ್ಟದ್ದು. ಆದರೆ ಆ ಬೆಲೆ ಎಂದೆಂದಿಗೂ ಏರುತ್ತಲೇ ಇರುತ್ತದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಈ ಸಿನಿಮಾ ನೋಡದ ಮುಂದಿನ ತಲೆಮಾರು ಅದೇ ಕಬ್ಬಿಣಕ್ಕೆ ಅದೇ ಹಣ ಕೊಡಬೇಕೆಂಬ ಕರಾರೇನಾದರೂ ಇದೆಯೇ?

ಲೆಕ್ಕವನ್ನೂ ಹಾಕಿಬಿಡೋಣ, ನಾವು ಗುಮಾಸ್ತರಿಗೆ ಅದು ಹೊಸದಲ್ಲ. ಮಾತಿಗೆ, ನಲವತ್ತು ಸಾವಿರ ಡಾಲರಿಗೆ ಕೊಂಡ ಕಾರು ಐದು ವರ್ಷಕ್ಕೆ ಐವತ್ತು ಸಾವಿರವಾಯಿತೆನ್ನಿ. ಹತ್ತು ಸಾವಿರ ಲಾಭವೆಂದು ಮಗ ಬೀಗುತ್ತಾನೆ. ವಿಮೆ, ಟೈರು, ಎಣ್ಣೆ, ನಿಲ್ಲಿಸುವ ಜಾಗ ಎಲ್ಲಕ್ಕೂ ಸೇರಿ ವರ್ಷಕ್ಕೆ ಎರಡೇ ಸಾವಿರ ಎಂದರೂ ಆ ಹತ್ತು ಸಾವಿರ ಅಲ್ಲಿಗೇ ಜಮಾ-ಖರ್ಚು ಸರಿಹೋಯಿತು. ಸಾಲದ ಬಡ್ಡಿ ಇನ್ನೂ ಹೊರಗೇ ನಿಂತಿದೆ. ಒಮ್ಮೆ ಎಂಜಿನ್ ಬಿಚ್ಚಿ ಕಟ್ಟುವ ಪ್ರಸಂಗ ಬಂದರಂತೂ ಕೇಳುವುದೇ ಬೇಡ. ಪೆಟ್ಟಿಗೆಯಲ್ಲಿಟ್ಟ ಬಂಗಾರದ ಬಳೆ ಎಣ್ಣೆ ಕೇಳುವುದಿಲ್ಲ, ತುಕ್ಕು ಹಿಡಿಯುವುದಿಲ್ಲ.

ಇನ್ನೂ ದೊಡ್ಡ ತೊಡಕೊಂದಿದೆ. ಹೆಚ್ಚು ಬೆಲೆ ಬರುವುದು ಕಡಿಮೆ ಓಡಿದ, ಯಾರೂ ಕೈಯಾಡಿಸದ, ಕಾಗದಪತ್ರ ಪೂರ್ತಿಯಿರುವ ಕಾರಿಗೆ. ಓಡಿಸಿದಷ್ಟೂ ಬೆಲೆ ಇಳಿಯುತ್ತದೆ. ಓಡಿಸದೆ ನಿಲ್ಲಿಸಿದರೆ ರಬ್ಬರು ಒಣಗಿ ಸೀಲುಗಳು ಸೋರತೊಡಗುತ್ತವೆ. ಓಡಿಸಲೆಂದೇ ಹುಟ್ಟಿದ ಯಂತ್ರವನ್ನು ಓಡಿಸದೆ ಕಾಯುವುದು ಯಾವ ಸುಖ?

ಇಷ್ಟು ಹೇಳಿದ ಮೇಲೆ, ಹಿರಿಯ ಬಂಧುಗಳೇ, ನಿಮ್ಮ ಕಡೆಗೂ ತಿರುಗಬೇಕಾಗಿದೆ. ನೀವೆಂದರೆ ನಾವೂ ಸೇರಿಯೇ. ಮಕ್ಕಳು ಈ ‘ಹೂಡಿಕೆ’ಯ ಮಾತನ್ನು ಎಲ್ಲಿಂದ ಕಲಿತರು? ನಮ್ಮಿಂದಲೇ. ಸೈಟು, ಬಂಗಾರ, ಬ್ಯಾಂಕಿನ ಬಡ್ಡಿ ಈ ಮೂರನ್ನು ಬಿಟ್ಟು ಬೇರೆ ಭಾಷೆಯಲ್ಲಿ ಹಣದ ವಿಷಯ ನಾವೆಂದು ಮಾತಾಡಿದ್ದೇವೆ? ಮಗ ‘ನನಗೆ ಈ ಕಾರೆಂದರೆ ಪ್ರಾಣ’ ಎಂದರೆ ಅದು ದುಂದು. ‘ಮುಂದೆ ಬೆಲೆ ಬರುತ್ತೆ’ ಎಂದರೆ ಅದು ಜಾಣತನ! ಸತ್ಯ ಹೇಳಿದವನಿಗೆ ಬೈಗುಳ, ಸುಳ್ಳು ಹೇಳಿದವನಿಗೆ ಭೇಷ್. ಹೀಗಾದರೆ ಯಾರು ತಾನೆ ಸತ್ಯ ಹೇಳುತ್ತಾರೆ?

ಊರಿನಿಂದ ಯಕ್ಷಗಾನ ಮೇಳವನ್ನು ಕರೆಸಿ ಒಂದು ರಾತ್ರಿ ಆಡಿಸಲು ನಾವು ಮನೆಮನೆ ಸುತ್ತಿ ಚಂದಾ ಎತ್ತುತ್ತೇವೆ. ಅದರಿಂದ ಎಷ್ಟು ಬಡ್ಡಿ ಬಂತೆಂದು ಯಾವ ಸದಸ್ಯರೂ ಮಹಾಸಭೆಯಲ್ಲಿ ಕೇಳಿಲ್ಲ. ಒಂದೇ ದಿನದ ಮದುವೆಗೆ ಛತ್ರ, ಅಡುಗೆಯವರು, ಹೂವಿನ ಮಂಟಪ ಎಂದು ವರ್ಷಗಟ್ಟಲೆ ಕೂಡಿಟ್ಟದ್ದನ್ನು ಸುರಿಯುತ್ತೇವೆ. ಅದು ಸಂತೋಷದ ಖರ್ಚು, ಮಾಡಬೇಕು. ಹಾಗಿದ್ದಲ್ಲಿ ದುಡಿದು ಗಳಿಸುವ ಮಗನಿಗೋ ಮಗಳಿಗೋ ಒಂದು ಯಂತ್ರದಲ್ಲಿ ಸಂತೋಷ ಸಿಕ್ಕರೆ ಅದನ್ನು ಮಾತ್ರ ತಕ್ಕಡಿಗೆ ಹಾಕುವುದೇಕೆ?

ಆಸೆಯನ್ನು ಆಸೆಯೆಂದು ಒಪ್ಪಿಕೊಂಡರೆ ತೂಗಿ ನೋಡುವ ಕೆಲಸ ಬಹಳ ಸುಲಭ. ಮೊದಲನೆಯ ಮಾತು: ಹೋದರೆ ಹೋಯಿತು ಎನ್ನಬಹುದಾದ ತನ್ನದೇ ಹಣದಲ್ಲಿ ಕೊಳ್ಳಬೇಕು. ಸಾಲ ಕೂಡದು, ಅಪ್ಪನ ಪ್ರಾವಿಡೆಂಟ್ ಫಂಡು ಸುತರಾಂ ಕೂಡದು. ಎರಡನೆಯದು: ಬೆಲೆಯ ಜೊತೆಗೇ ರಿಪೇರಿಯ ಗಂಟೊಂದನ್ನು ಬೇರೆಯಾಗಿ ಇಟ್ಟಿರಬೇಕು. ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಮಾಡಬಾರದು. ಮೂರನೆಯದು: ಕಡತ ಓದಬೇಕು. ಜಪಾನಿನ ಹರಾಜು ಕಟ್ಟೆಗಳಲ್ಲಿ ಪ್ರತಿ ಕಾರಿಗೂ ತಪಾಸಣೆಯ ಹಾಳೆಯೊಂದು ಇರುತ್ತದೆ. ಗೀರಿಗೆ ‘ಎ’, ನೆಗ್ಗಿಗೆ ‘ಯು’, ರಿಪೇರಿಯಾದ ಮೈಗೆ ‘ಡಬ್ಲ್ಯು’, ತುಕ್ಕಿಗೆ ‘ಎಸ್’ ಎಂದು ಕಾರಿನ ಚಿತ್ರದ ಮೇಲೆಯೇ ಗುರುತು ಹಾಕಿರುತ್ತಾರೆ. ಅಪಘಾತವಾಗಿ ರಿಪೇರಿಗೊಂಡದ್ದಕ್ಕೆ ದರ್ಜೆಯ ಜಾಗದಲ್ಲಿ ‘ಆರ್’ ಎಂದಿರುತ್ತದೆ. ದಲ್ಲಾಳಿಯ ಹತ್ತು ಮಾತಿಗಿಂತ ಆ ಒಂದು ಹಾಳೆ ಮೇಲು. ಹಾಳೆ ಕೊಡಲು ಹಿಂಜರಿದರೆ ಎದ್ದು ಬರಬೇಕು.

ನಾಲ್ಕನೆಯದು: ಗೊತ್ತಿದ್ದ ಮೆಕ್ಯಾನಿಕ್‌ನನ್ನು ಕರೆದೊಯ್ಯಬೇಕು. ರೋಟರಿ ಎಂಜಿನ್ನಿಗೆ ಕಂಪ್ರೆಶನ್ ಪರೀಕ್ಷೆಯಾಗದೆ ಮುಂಗಡ ಕೊಡಬಾರದು. ಪ್ರತಿ ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಅಳೆಯಬೇಕು, ಅದಕ್ಕೆ ಸಾಧನವೇ ಬೇರೆ. ಸ್ಕೈಲೈನಿನಲ್ಲಿ ಟೈಮಿಂಗ್ ಬೆಲ್ಟು ಎಂದು ಬದಲಾಯಿತೆಂದು ಕೇಳಬೇಕು. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳು. ಕಂಪನಿಯ ಮೂಲ ಟರ್ಬೋವಿಗೆ ಹಿಂದಿನ ಮಾಲೀಕರು ಒತ್ತಡ ಏರಿಸಿದ್ದರೇ ಎಂದೂ ನೋಡಬೇಕು. ಆರ್-32ರ ಸಿರಾಮಿಕ್ ಚಕ್ರಗಳು ಅದನ್ನು ತಾಳದೆ ಒಡೆಯುವುದುಂಟು. ಇನ್ನು 25 ವರ್ಷದ ವಿನಾಯಿತಿಯೆಂದರೆ ಕಾರು ಸುರಕ್ಷಿತವೆಂಬ ಸರ್ಟಿಫಿಕೇಟಲ್ಲ. ಮಾನದಂಡವನ್ನೇ ಕೇಳುವುದಿಲ್ಲ ಎಂದಷ್ಟೇ ಅದರ ಅರ್ಥ. ಕ್ಯಾಲಿಫೋರ್ನಿಯದಲ್ಲಿ ಹೊಗೆಯ ನಿಯಮ ಇಷ್ಟಾದ ಮೇಲೂ ಕಾದು ನಿಂತಿರುತ್ತದೆ.

ಕಡೆಯದಾಗಿ, ಮಕ್ಕಳಿಗೆ ನಾವು ಹಾಕುವ ಪರೀಕ್ಷೆ ಒಂದೇ. ‘ಈ ಕಾರಿನ ಬೆಲೆ ಇನ್ನೆಂದೂ ಏರುವುದಿಲ್ಲ ಎಂದು ಗೊತ್ತಾದರೂ ಕೊಳ್ಳುತ್ತೀಯಾ?’ ‘ಹೌದು’ ಎಂದು ಎದೆಮುಟ್ಟಿ ಹೇಳಿದರೆ ಕೊಳ್ಳಲಿ, ನಮ್ಮ ಆಶೀರ್ವಾದವಿದೆ. ತಡವರಿಸಿದರೆ ಅವನಿಗೆ ಬೇಕಾದದ್ದು ಕಾರಲ್ಲ. ಬರಿಯ ಓಟದ ಆನಂದವೇ ಸಾಕೆನ್ನುವವರಿಗೆ 2012ರಲ್ಲಿ ಬಂದ ಟೊಯೋಟಾ 86 ಇದೆ: 1998 ಸಿ.ಸಿ., 200 ಅಶ್ವಶಕ್ತಿ, ಹಿಂದಿನ ಚಕ್ರದ ಎಳೆತ. ಆರಂಭದ ವರ್ಷಗಳ ಕೆಲವು ಕಾರುಗಳನ್ನು ವಾಲ್ವ್ ಸ್ಪ್ರಿಂಗಿಗಾಗಿ 2018ರಲ್ಲಿ ಕಂಪನಿ ವಾಪಸು ಕರೆಸಿತ್ತು. ಆ ಕೆಲಸ ಆಗಿದೆಯೇ, ಸರಿಯಾಗಿ ಆಗಿದೆಯೇ ಎಂದು ವಿಚಾರಿಸಿ ಕೊಳ್ಳಬಹುದು. ಅದರ ಸುತ್ತ ಸ್ಕೈಲೈನಿನಷ್ಟು ದಂತಕಥೆ ಬೆಳೆದಿಲ್ಲ, ದಂತಕಥೆಯ ಬೆಲೆಯನ್ನೂ ಯಾರೂ ಕೇಳುವುದಿಲ್ಲ.

ಮಕ್ಕಳೇ, ಬೇಕೆಂದರೆ ಬೇಕೆನ್ನಿ. ಲಾಭದ ಆಮಿಷ ತೋರಿಸಿ ವಯಸ್ಸಾದ ತಂದೆತಾಯಿಯ ಠೇವಣಿಗೆ ಕೈಹಾಕಬೇಡಿ. ಹಿರಿಯರೇ, ಅವರು ಬೇಕೆಂದಾಗ ಒಮ್ಮೆ ಸಮಾಧಾನದಿಂದ ಕೇಳಿಸಿಕೊಳ್ಳಿ. ಎಂಜಿನ್ ಹೇಗೆ ಓಡುತ್ತದೆಂದು ಕೇಳಿ ತಿಳಿದುಕೊಳ್ಳಿ. ಮುಂದಿನ ವಾರದ ಫೋನಿನಲ್ಲಿ ಬೆಲೆಯ ಮಾತು ಎತ್ತುವ ಮೊದಲು ಇಷ್ಟನ್ನು ಮಾಡಿದರೆ ಸಾಕು.