ಪೇಟೆ ಹೊತ್ತು ತರಲಾರದ ಹಣ್ಣು

ಹೊಸದಾಗಿ ಮನೆ ಕಟ್ಟಿಸಿದ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮೊದಲನೆಯದು ವಾಸ್ತುವಿನದು. ಅದಕ್ಕೆ ನಾನು ಉತ್ತರಿಸುವುದಿಲ್ಲ. ಎರಡನೆಯದು ಗಿಡದ್ದು. "ಸರ್, ಹಿತ್ತಲದಾಗ ಒಂದ್ ಆಪೂಸ್ ಹಚ್ಚಬೇಕಂತ ಮಾಡೀನ್ರಿ. ಕಸಿ ಗಿಡ ಚಲೋ ಎಲ್ಲಿ ಸಿಗತಾವ್ರಿ?" ಕೇಳುವ ಮೊದಲೇ ಆಪೂಸ್ ಎಂಬುದು ನಿರ್ಧಾರವಾಗಿಬಿಟ್ಟಿರುತ್ತದೆ, ನನ್ನಿಂದ ಬೇಕಾದುದು ಅಂಗಡಿಯ ವಿಳಾಸ ಮಾತ್ರ. ಈ ನಿರ್ಧಾರವೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಹೆಸರು ಖಾಸಬಾಗ. ಖಾಸ್ ಬಾಗ್ ಎಂದರೆ ಸ್ವಂತಕ್ಕೆಂದು ಮೀಸಲಾದ ತೋಟ. ಇಂದು ಇಲ್ಲಿ ತೋಟವಿಲ್ಲ. ಮಗ್ಗಗಳ ಸದ್ದಿದೆ, ರವಿವಾರದ ಸಂತೆಯಿದೆ, ಒಂದಕ್ಕೊಂದು ಗೋಡೆ ತಾಗಿಸಿಕೊಂಡ ಮನೆಗಳಿವೆ. ಆದರೂ ಆ 'ಖಾಸ್' ಎಂಬ ಮಾತಿನಲ್ಲಿ ಒಂದು ವಿವೇಕವಿದೆ. ಮಾರುವವನ ತೋಟ ಬೇರೆ, ತನ್ನ ಮನೆಯವರು ತಿನ್ನಲೆಂದು ಮಾಡಿದ ತೋಟ ಬೇರೆ. ಮಾರುವವನು ಪೆಟ್ಟಿಗೆಯಲ್ಲಿ ನೂರು ಮೈಲಿ ಹೋದರೂ ಕೆಡದ ಹಣ್ಣನ್ನು ಬೆಳೆಯಬೇಕು. ನಮಗೆ ಆ ಕಟ್ಟುಪಾಡಿಲ್ಲ. ನಮ್ಮ ಹಣ್ಣು ಹಿತ್ತಲಿನಿಂದ ಪಡಸಾಲೆಯವರೆಗೆ ಬಂದರೆ ಸಾಕು. ಹಾಗಿದ್ದೂ ನಾವು ಅವನ ಗಿಡವನ್ನೇ ತಂದು ನೆಡುತ್ತೇವೆ. ನನ್ನ ವಾದವಿಷ್ಟು: ಪೇಟೆ ಹೊತ್ತು ತರಲಾರದ ಹಣ್ಣನ್ನೇ ಮನೆಯಲ್ಲಿ ಬೆಳೆಯಬೇಕು, ಪೇಟೆ ಚೆನ್ನಾಗಿ ತರುವ ಹಣ್ಣನ್ನು ಪೇಟೆಯಲ್ಲಿಯೇ ಕೊಳ್ಳಬೇಕು.

ಆಪೂಸನ್ನೇ ನೋಡಿ. ಮಾವಿನ ತೋಟಗಳಲ್ಲಿ ರೂಢಿಯ ಅಂತರ ಗಿಡದಿಂದ ಗಿಡಕ್ಕೆ 10 ಮೀಟರ್, ಅಂದರೆ ಸುಮಾರು 33 ಅಡಿ. ನಮ್ಮ ಸಾಮಾನ್ಯ ನಿವೇಶನದ ಅಗಲವೇ 30 ಅಡಿ. ವರ್ಷವರ್ಷವೂ ಸವರಿ ಗಿಡವನ್ನು ಚಿಕ್ಕದಾಗಿ ಇಡಬಹುದು, ಹಾಗೆ ಮಾಡುವ ರೈತರೂ ಇದ್ದಾರೆ. ಆದರೆ ನೌಕರಿಯವರ ಮನೆಯಲ್ಲಿ ಅದು ಎರಡು ವರ್ಷ ನಡೆದು ಮೂರನೆಯ ವರ್ಷ ಮರೆತುಹೋಗುತ್ತದೆ. ಇದಲ್ಲದೆ ಆಪೂಸ್ ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ವಿಶ್ರಾಂತಿ ಪಡೆಯುವ ಜಾತಿ. ಹೂ ಬಂದಾಗ ಜಿಗಿಹುಳುವಿನ ಕಾಟ. ಔಷಧಿ ಸಿಂಪಡಿಸಬೇಕೆಂದರೆ ಆಚೆಗೆ ನೆರೆಯವರ ಅಡುಗೆಮನೆಯ ಕಿಟಕಿ. ಮುಖ್ಯವಾದ ಮಾತೆಂದರೆ, ಮಾವನ್ನು ಬಲಿತ ಕಾಯಿಯಾಗಿಯೇ ಇಳಿಸಿ ಆಮೇಲೆ ಹಣ್ಣು ಮಾಡುತ್ತಾರೆ. ರತ್ನಾಗಿರಿ, ದೇವಗಡಗಳ ಕಾಯಿ ಘಟ್ಟ ಹತ್ತಿ ನಮ್ಮ ಪೇಟೆಗೆ ಬರುತ್ತದೆ. ಬಲಿತ ಕಾಯಿ ತಂದು ಮನೆಯಲ್ಲಿ ಹುಲ್ಲಿನಲ್ಲಿ ಅಡೆ ಹಾಕಿದರೆ, ಹಿತ್ತಲ ಮರದಿಂದ ಇಳಿಸಿದ ಕಾಯಿಗೂ ಅದಕ್ಕೂ ರುಚಿಯಲ್ಲಿ ಹೇಳಿಕೊಳ್ಳುವಂಥ ಭೇದವಿರುವುದಿಲ್ಲ. ಕಾರ್ಬೈಡ್ ಹಾಕಿರುತ್ತಾರೆಂಬ ಭಯ ನ್ಯಾಯವಾದದ್ದೇ. ಅದರ ಬಳಕೆಗೆ ನಿಷೇಧವಿದ್ದರೂ ಅದು ನಿಂತಿಲ್ಲ. ಹಣ್ಣನ್ನು ಕೊಳ್ಳದೆ ಕಾಯಿ ಕೊಂಡರೆ ಆ ಭಯಕ್ಕೆ ಪರಿಹಾರವುಂಟು.

ಚಿಕ್ಕುವಿನ ಮಾತೂ ಇಂಥದೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಕಾಲಿಪತ್ತಿ ಮತ್ತು ಕ್ರಿಕೆಟ್ ಬಾಲ್ ಜಾತಿಗಳನ್ನು ಕೂಡಿಸಿ ಡಿಎಚ್ಎಸ್-1, ಡಿಎಚ್ಎಸ್-2 ಎಂಬ ಒಳ್ಳೆಯ ತಳಿಗಳನ್ನು ಕೊಟ್ಟಿದ್ದಾರೆ. ಹೊಲವಿರುವವರು ಅವಶ್ಯ ನೆಡಲಿ. ಆದರೆ ಅದೂ ಕಾಯಿಯಾಗಿ ಕಿತ್ತು ಮಾಗಿಸುವ ಹಣ್ಣು, ಮರವೂ ದೊಡ್ಡದು. ಸಣ್ಣ ಹಿತ್ತಲನ್ನು ಅದಕ್ಕೆ ಬಿಟ್ಟುಕೊಡುವುದು ನನಗೆ ಸಮ್ಮತವಲ್ಲ.

ಹಾಗಾದರೆ ಯಾವುದು? ನನ್ನ ಮತ ರಾಮಫಲಕ್ಕೆ. ಇಂದಿನ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ತಿಂದಿದ್ದಾರೋ ಕಾಣೆ. ಮಾಗಿದ ರಾಮಫಲ ಬೆರಳೊತ್ತಿದರೆ ಕುಸಿಯುತ್ತದೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟರೆ ಸಂಜೆಗೆ ಮುದ್ದೆ. ವ್ಯಾಪಾರಿಗೆ ಅದು ನಷ್ಟದ ಬಾಬು. ಆದ್ದರಿಂದಲೇ ಅದು ಪೇಟೆಯಿಂದ ಮರೆಯಾಗುತ್ತಿದೆ, ಆದ್ದರಿಂದಲೇ ಅದು ಹಿತ್ತಲಲ್ಲಿ ಇರಬೇಕು. ಬೇಸಗೆ ಕಾಲಿಡುವ ಹೊತ್ತಿಗೆ, ರಾಮನವಮಿಯ ಆಸುಪಾಸಿನಲ್ಲಿ, ಬೇರೆ ಹಣ್ಣು ವಿರಳವಾದಾಗ ಬರುತ್ತದೆ. ಮರ ಸಾಧಾರಣ ಗಾತ್ರದ್ದು; ಸವರಿದರೆ ತಗ್ಗಿ ನಡೆಯುತ್ತದೆ. ಬೀಜದಿಂದ ಬೆಳೆದ ಸಸಿಯೂ ಮೂರು-ನಾಲ್ಕು ವರ್ಷಗಳಲ್ಲಿ ಕಾಯಿ ಕಾಣುತ್ತದೆ. ಇನ್ನು ಅದರ ತಂಗಿ ಸೀತಾಫಲ ಸುಮಾರಾಗಿ ದಸರೆ, ದೀಪಾವಳಿಗಳ ದಿನಗಳಲ್ಲಿ ಬರುವಂಥದು. ಹೂವು ಹೇರಳವಾಗಿ ಬಿಟ್ಟು ಕಾಯಿ ನಿಲ್ಲುವುದಿಲ್ಲವೆಂದು ಹಲವರು ದೂರುತ್ತಾರೆ. ಕಾರಣ ಸ್ವಾರಸ್ಯಕರವಾಗಿದೆ. ಹೂವಿನ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ. ಪರಾಗ ಉದುರುವ ಹೊತ್ತಿಗೆ ಅದರ ಕಾಲ ಮುಗಿದಿರುತ್ತದೆ. ಪೂರ್ತಿ ಅರಳಿದ ಹೂವಿನ ಪರಾಗವನ್ನು ಚಿತ್ರ ಬಿಡಿಸುವ ಕುಂಚದಿಂದ ತೆಗೆದು, ಅರೆಬಿರಿದ ಹೂವಿಗೆ ಬೆಳಿಗ್ಗೆ ಮುಟ್ಟಿಸಿದರೆ ಕಾಯಿ ನಿಲ್ಲುತ್ತದೆ. ಮೊಮ್ಮಕ್ಕಳಿಗೆ ಈ ಕೆಲಸ ಹಚ್ಚಿರಿ. ವಿಜ್ಞಾನದ ಒಂದು ಪಾಠ ಪುಸ್ತಕವಿಲ್ಲದೆ ಮುಗಿಯುತ್ತದೆ.

ಜವಾರಿ ಹಣ್ಣೇ ಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು. ರಾಮಫಲ, ಸೀತಾಫಲ, ಪೇರಲ, ಪಪ್ಪಾಯಿ, ಚಿಕ್ಕು ಇವೆಲ್ಲವುಗಳ ತವರು ಅಮೆರಿಕ ಖಂಡ. ಹೆಸರು ಮಾತ್ರ ರಾಮನದು, ಸೀತೆಯದು. ಹಿತ್ತಲಿಗೆ ಬಂದ ಸೊಸೆ ಮನೆಯವಳಾದಂತೆ ಇವೂ ನಮ್ಮವಾಗಿವೆ.

ಎರಡನೆಯ ಸ್ಥಾನ ಪೇರಲಕ್ಕೆ. ಅದು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದಲ್ಲ ಎನ್ನುವಿರಿ. ಸಿಗುವುದು ಹಸಿರಾಗಿ ಕಿತ್ತ ಗಟ್ಟಿ ಕಾಯಿ. ಗಿಡದಲ್ಲಿಯೇ ಹಳದಿ ತಿರುಗಿ, ಕೋಣೆಯ ತುಂಬ ಘಮಘಮಿಸುವ ಪೇರಲ ಬೇರೆಯೇ ಹಣ್ಣು. ಇಲ್ಲಿ ಮಣ್ಣಿನ ವಿಚಾರವೂ ಇದೆ. ಬಳ್ಳಾರಿ ನಾಲಾದ ಆಸುಪಾಸು, ಶಹಾಪುರ, ವಡಗಾವಿ, ಯಳ್ಳೂರಿನ ಕಡೆಯ ತಗ್ಗಿನ ನೆಲದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ. ಭತ್ತದ ಗದ್ದೆಗಳೇ ಅದಕ್ಕೆ ಸಾಕ್ಷಿ. ಪಪ್ಪಾಯಿಯ ಬುಡದಲ್ಲಿ ಎರಡು ದಿನ ನೀರು ನಿಂತರೆ ಗಿಡ ಕೊಳೆತು ಬೀಳುತ್ತದೆ. ಪೇರಲ ಅದನ್ನು ಒಂದಿಷ್ಟು ತಾಳಿಕೊಳ್ಳುತ್ತದೆ. ತಳಿ ಬೇಕೆಂದರೆ ಲಖನೌ-49, ಅಂದರೆ ಸರದಾರ. ಹೆಸರು ಲಖನೌದ್ದಾದರೂ ಅದನ್ನು ಆರಿಸಿದ್ದು 1927ರಲ್ಲಿ, ನಮ್ಮ ಹತ್ತಿರದ ಪುಣೆಯ ಗಣೇಶಖಿಂಡದಲ್ಲಿ. ಪೇರಲ ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಕತ್ತರಿಗೆ ಅಂಜಬೇಕಾಗಿಲ್ಲ. ಮಳೆಗಾಲದ ಹಣ್ಣಿನಲ್ಲಿ ಹುಳು ಹೆಚ್ಚು, ಸಿಹಿ ಕಡಿಮೆ. ಮೇ ತಿಂಗಳಲ್ಲಿ ಟೊಂಗೆಯ ತುದಿ ಸವರಿ ಆ ಬೆಳೆಯನ್ನು ಬಿಟ್ಟುಕೊಟ್ಟರೆ ಚಳಿಗಾಲದ ಬೆಳೆ ಚೆನ್ನಾಗಿ ಬರುತ್ತದೆ.

ಖಾನಾಪುರದ ಕಡೆಯ ಬಂಧುಗಳಿಗೆ ಈ ಪಟ್ಟಿ ಹೊಂದುವುದಿಲ್ಲ. ಜಾಂಬೋಟಿ, ಕಣಕುಂಬಿಗಳ ಮಳೆ ನಮ್ಮೂರ ಮಳೆಯಲ್ಲ. ಜಾಗವೂ ಅಲ್ಲಿ ನಮ್ಮಷ್ಟು ಇಕ್ಕಟ್ಟಿಲ್ಲ. ಅಲ್ಲಿ ಹಲಸು ಇರಲಿ, ಅದರಲ್ಲಿಯೂ ಬರಕಾ. ಗಟ್ಟಿ ತೊಳೆಯ ಕಾಪಾ ಹಲಸು ಬೆಳಗಾವಿಯ ಸಂತೆಯವರೆಗೆ ಬರುತ್ತದೆ, ತೊಳೆ ಬಿಡಿಸಿ ಮಾರಲೂ ಬರುತ್ತದೆ. ಮೆತ್ತನೆಯ, ರಸ ಸೋರುವ ಬರಕಾ ಮರದ ಬುಡದಲ್ಲಿಯೇ ತಿನ್ನಬೇಕಾದದ್ದು. ಕೊಳ್ಳುವವರಿಲ್ಲವೆಂದು ಅಂಥ ಮರಗಳನ್ನು ಮೊದಲು ಕಡಿಯುತ್ತಾರೆ. ಬೀಜದಿಂದ ಹುಟ್ಟಿದ ಹಲಸಿನಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದು ಮರ ಹೋದರೆ ಆ ರುಚಿಯೇ ಹೋಯಿತು. ಕಡಿಯಲೇಬೇಕಾಗಿ ಬಂದರೆ, ಮೊದಲು ಅದರ ಕಡ್ಡಿಯಿಂದ ಎರಡು ಕಸಿ ಗಿಡಗಳನ್ನಾದರೂ ಮಾಡಿಸಿಟ್ಟುಕೊಳ್ಳಿರಿ. ಕೋಕಂ, ಅಂದರೆ ಮುರುಗಲು, ಹಚ್ಚುವವರು ಮಾತ್ರ ಕಸಿ ಗಿಡವನ್ನೇ ತರಬೇಕು. ಅದರಲ್ಲಿ ಗಂಡು ಹೆಣ್ಣು ಬೇರೆಬೇರೆ. ಬೀಜದ ಸಸಿ ಏಳೆಂಟು ವರ್ಷ ಬೆಳೆದು ಕೊನೆಗೆ ಗಂಡಾದರೆ ನೆರಳಷ್ಟೇ ಲಾಭ.

ನನ್ನ ನಿಯಮಕ್ಕೆ ಲಿಂಬೆ ಒಂದು ಅಪವಾದ. ಪೇಟೆಯಲ್ಲಿ ಸದಾ ಸಿಗುತ್ತದೆ, ಕೆಡುವುದೂ ಇಲ್ಲ. ಆದರೂ ಬೇಸಗೆಯ ದರ ಕೇಳಿದವರಾರೂ ಹಿತ್ತಲಿನ ಲಿಂಬೆಗೆ ಬೇಡ ಎನ್ನಲಾರರು.

ಹಚ್ಚುವ ಕ್ರಮ ಸರಳವಾದದ್ದು. ಏಪ್ರಿಲ್‌ನಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಕುಣಿ ತೋಡಿ ಬಿಸಿಲಿಗೆ ಬಿಡಿರಿ. ಜೂನ್‌ನ ಮೊದಲ ಮಳೆಯಾದ ಮೇಲೆ ಕೊಳೆತ ಸಗಣಿಗೊಬ್ಬರ ಬೆರೆಸಿ ತುಂಬಿ, ಸುತ್ತಲಿನ ನೆಲಕ್ಕಿಂತ ಗೇಣೆತ್ತರ ಮಣ್ಣೇರಿಸಿ ನೆಡಿರಿ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಕೂಡಲೇ ಮುರಿಯಬೇಕು. ಕಣಕುಂಬಿಯ ಕಡೆಯವರು ಮಳೆಯ ಅಬ್ಬರ ತಗ್ಗುವವರೆಗೆ, ಆಗಸ್ಟ್ ಕೊನೆಯವರೆಗೆ, ಕಾಯುವುದು ಲೇಸು.

ನಮ್ಮ ಹಿತ್ತಲಲ್ಲಿ ತಾವಾಗಿ ಹುಟ್ಟಿದ ಆರು ರಾಮಫಲದ ಸಸಿಗಳನ್ನು ಎಣ್ಣೆಯ ಡಬ್ಬಿಗಳಿಗೆ ಎತ್ತಿಟ್ಟಿದ್ದೇನೆ. ಬೇಕಾದವರು ಸಂಜೆ ಐದರ ಮೇಲೆ ಬಂದು ಒಯ್ಯಬಹುದು. ಡಬ್ಬಿ ಮಾತ್ರ ಮರಳಿಸಿರಿ.