ಹಳೆಯ ಮೋಟಾರಿನ ಕುಣಿತ

ಇಂಡಿಯಿಂದ ಸಿಂದಗಿಗೆ, ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಹಳೆಯ ಮೋಟಾರಿನಲ್ಲಿ ಪ್ರಯಾಣ ಮಾಡಿದವರಿಗೆ ನಮ್ಮ ಎರೆಭೂಮಿಯ ಸ್ವಭಾವವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಮಳೆ ಬಿದ್ದರೆ ಈ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ, ಅಂಗೈ ತೂರುವಂತಹ ಬಿರುಕು ಬಿಡುತ್ತದೆ. ಮೇಲೆ ಡಾಂಬರು ಹಾಸಿದರೂ ಅಡಿಯ ನೆಲ ಸುಮ್ಮನಿರದು. ರಸ್ತೆ ಅಲೆಯಲೆಯಾಗಿ ಏಳುತ್ತದೆ. ಚಕ್ಕಡಿಯಲ್ಲಿ ಹೋಗುವವರು ಕೆಳಗೆ ಕಣಿಕೆಯನ್ನೋ ಹುಲ್ಲನ್ನೋ ಹಾಸಿಕೊಂಡು ಸಮಾಧಾನಪಡುತ್ತಿದ್ದರು. ಮೋಟಾರಿನವರಿಗೆ ಷಾಕ್ ಅಬ್ಸಾರ್ಬರೇ ಗತಿ.

ಕನ್ನಡ ಪಾಠ ಹೇಳುವ ನನಗೆ ಈ ಹೆಸರಿನ ಮೇಲೆಯೇ ಆಕ್ಷೇಪವಿದೆ. ಧಕ್ಕೆಯನ್ನು ನುಂಗುವುದು ಸ್ಪ್ರಿಂಗು, ಇದಲ್ಲ. ಆದರೆ ಸ್ಪ್ರಿಂಗು ನುಂಗಿದ್ದನ್ನು ಹಿಂದಕ್ಕೆ ಕೊಡದೆ ಬಿಡುವುದಿಲ್ಲ. ಒಮ್ಮೆ ತೂಗಿದ ತೊಟ್ಟಿಲು ತಾನಾಗಿಯೇ ಬಹಳ ಹೊತ್ತು ಆಡುತ್ತದೆ. ತಾಯಿಯ ಕೈ ಮೆಲ್ಲನೆ ತಡೆದಾಗ ನಿಲ್ಲುತ್ತದೆ. ಆ ಕೈಯ ಕೆಲಸವೇ ಇದರದು. ಇಂಗ್ಲೆಂಡಿನವರು ಇದನ್ನು ಡ್ಯಾಂಪರ್ ಎಂದು ಕರೆದುದೇ ಹೆಚ್ಚು ಸರಿ. ಹೋಳಿಯ ಪಿಚಕಾರಿಯನ್ನು ನೆನೆಯಿರಿ. ನಿಧಾನವಾಗಿ ಒತ್ತಿದರೆ ನೀರು ಸುಲಭವಾಗಿ ಹೊರಡುತ್ತದೆ. ಜೋರಾಗಿ ಒತ್ತಿದಷ್ಟೂ ಎದುರು ನಿಲ್ಲುತ್ತದೆ. ಡ್ಯಾಂಪರಿನೊಳಗೆ ಎಣ್ಣೆಯು ಹೀಗೆಯೇ ಕಿರುರಂಧ್ರದಲ್ಲಿ ನುಸುಳುತ್ತದೆ, ಕುಣಿತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ.

1908ರಿಂದ 1927ರವರೆಗೆ ತಯಾರಾದ ಫೋರ್ಡಿನ ಟಿ ಮಾದರಿಗೆ ಇದಾವುದೂ ಇರಲಿಲ್ಲ. ಅದರ ಬೆನ್ನಿಗೆ ಬಂದ ಎ ಮಾದರಿಗೆ ಹೂದೈ ಕಂಪನಿಯ ಎಣ್ಣೆಯ ಡ್ಯಾಂಪರುಗಳು ಬಂದುವು. ನಮ್ಮವರಿಗೆ ಹೆಚ್ಚು ಪರಿಚಿತವಾದುದು 1948ರಲ್ಲಿ ಹುಟ್ಟಿದ ಮಾರಿಸ್ ಮೈನರ್. ಭಾರತದಲ್ಲಿ ಇದೇ ಬೇಬಿ ಹಿಂದುಸ್ತಾನ್. ಅದರ ಡ್ಯಾಂಪರು ಈಗಿನಂತೆ ಕೊಳವೆಯಲ್ಲ. ಪಕ್ಕದಲ್ಲಿ ತೋಳುಳ್ಳ ಒಂದು ಲೋಹದ ಪೆಟ್ಟಿಗೆ. ಚಕ್ರ ಏರಿಳಿದಂತೆ ತೋಳು ಆಡುತ್ತದೆ, ಒಳಗಿನ ಎರಡು ಪಿಸ್ಟನ್ನುಗಳು ಎಣ್ಣೆಯನ್ನು ಅತ್ತಿತ್ತ ತಳ್ಳುತ್ತವೆ.

ಇದನ್ನು ಬಿಚ್ಚುವ ಮುನ್ನ ಒಂದು ಎಚ್ಚರಿಕೆ. ಮುಂದಿನ ಚಕ್ರದಲ್ಲಿ ಈ ತೋಳೇ ಚಕ್ರವನ್ನು ಹಿಡಿದಿರುವ ಮೇಲಿನ ತೋಳೂ ಹೌದು. ಕೆಳಗಿನ ತೋಳಿಗೆ ಗಟ್ಟಿಯಾದ ಆಸರೆ ಕೊಡದೆ ಬೋಲ್ಟು ಸಡಿಲಿಸಿದರೆ, ತಿರುಚಿ ಕೂಡಿಸಿದ ಟಾರ್ಷನ್ ಬಾರು ಒಮ್ಮೆಲೇ ಬಿಡಿಸಿಕೊಂಡು ಕೈ ಮುರಿದೀತು. ಪೆಟ್ಟಿಗೆ ಹೊರಬಂದ ಮೇಲೆ ಮುಚ್ಚಳ ತೆರೆಯುವುದಕ್ಕೆ ಅವಸರ ಬೇಡ. ಹೊರಗಿನ ಎರೆಮಣ್ಣಿನ ಧೂಳನ್ನು ಸೀಮೆಎಣ್ಣೆಯಿಂದ ಪೂರ್ತಿಯಾಗಿ ತೊಳೆಯಬೇಕು. ಒಂದು ಕಣ ಒಳಹೊಕ್ಕರೂ ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಎಣ್ಣೆಯನ್ನು ಸುರಿದು, ಕವಾಟದ ಸ್ಪ್ರಿಂಗುಗಳನ್ನು ಇದ್ದ ಕ್ರಮದಲ್ಲಿಯೇ ಎತ್ತಿಡಿ. ಅವುಗಳನ್ನು ಎಳೆದು ಬಿಗಿಮಾಡುವ ಜಾಣತನವನ್ನು ನಾನು ಒಪ್ಪಲಾರೆ.

ಸಾಮಾನ್ಯವಾಗಿ ಕೆಡುವುದು ದಂಡದ ಸುತ್ತಲಿನ ಸೀಲು. ಹೊಸ ಸೀಲು, ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ಟು ಹಾಕಿದರೆ ಹೆಚ್ಚಿನವು ಜೀವ ಹಿಡಿಯುತ್ತವೆ. ದಂಡ ತಿರುಗುವ ರಂಧ್ರವೇ ಸವೆದು ಅಂಡಾಕಾರವಾಗಿದ್ದರೆ ಮಾತ್ರ ಸೀಲು ಬದಲಿಸಿ ಫಲವಿಲ್ಲ. ಲೇತು ಬಲ್ಲ ಕುಶಲಿಯಿಂದ ಬುಷ್ ಹಾಕಿಸಬೇಕು. ಬ್ರೇಕಿನ ದ್ರವವನ್ನು ತುಂಬಲೇಕೂಡದು, ಸೀಲು ಕೆಡುತ್ತದೆ. ಡ್ಯಾಂಪರಿಗೆಂದೇ ಇರುವ ಎಣ್ಣೆ ಸಿಗದಿದ್ದಲ್ಲಿ ಮೋಟಾರುಸೈಕಲ್ಲಿನ ಫೋರ್ಕಿನ ಎಣ್ಣೆ ನಡೆಯುತ್ತದೆ. ತುಂಬುತ್ತ ತುಂಬುತ್ತ ತೋಳನ್ನು ಮೇಲಕ್ಕೂ ಕೆಳಕ್ಕೂ ಪೂರ್ತಿಯಾಗಿ ಆಡಿಸಿ ಗಾಳಿಯನ್ನು ಹೊರಗಟ್ಟಬೇಕು. ನಡುವೆ ಎಲ್ಲಿಯೂ ಸಡಿಲು ತಟ್ಟದೆ, ಒಂದೇ ಸಮನಾದ ಭಾರ ಕೈಗೆ ಬರುವವರೆಗೆ ಬಿಡಬಾರದು.

ಈ ಉಪದೇಶವೆಲ್ಲ ಹಳೆಯ ಪೆಟ್ಟಿಗೆಗಳಿಗೆ ಮಾತ್ರ. ಅನಿಲ ತುಂಬಿದ ಇಂದಿನ ಕೊಳವೆಗಳನ್ನು ಕೊರೆಯುವ, ಕತ್ತರಿಸುವ ಸಾಹಸ ಪ್ರಾಣಕ್ಕೆ ಅಪಾಯ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ನಿಂತಿರುವ ಹಳೆಯ ಕಾರುಗಳನ್ನು ನೋಡಿ ಕಣ್ಣು ತಣಿಯುತ್ತದೆ. ನಿಂತ ಕಾರಿಗೆ ಡ್ಯಾಂಪರಿನ ಚಿಂತೆಯಿಲ್ಲ. ಆದರೆ ಮಕ್ಕಳುಮರಿಗಳನ್ನು ಕೂರಿಸಿಕೊಂಡು ಬಾಗೇವಾಡಿಯ ಜಾತ್ರೆಗೆ ಹೊರಡುವ ಅಜ್ಜನ ಕಾಲದ ಕಾರಿನ ಮಾತು ಬೇರೆ. ಕುಣಿಯುವ ಚಕ್ರ ಗಳಿಗೆಗಳಿಗೆಗೂ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವೇನು? ಕಾರಿನ ಮೂಲೆಯನ್ನು ಒತ್ತಿ ಬಿಡಿರಿ. ಒಮ್ಮೆ ಎದ್ದು ತಣ್ಣಗಾದರೆ ಸರಿ. ಎರಡು ಮೂರು ಬಾರಿ ತೂಗಾಡಿದರೆ ಡ್ಯಾಂಪರು ಸೋತಿದೆ. ತುಕ್ಕು ಹಿಡಿದ ಪಟ್ಟಿ ಸ್ಪ್ರಿಂಗು ತಾನೇ ಬಿಗಿಯಾಗಿ ನಿಂತು ಈ ಪರೀಕ್ಷೆಯಲ್ಲಿ ಮೋಸ ಮಾಡುವುದೂ ಉಂಟು.

ದುರಸ್ತಿಯಾದ ಮೇಲೆ ನೂರು ಕಿಲೊಮೀಟರು ಓಡಿಸಿ ಸೀಲಿನ ಸುತ್ತ ಬೆರಳಾಡಿಸಿ ನೋಡಿ. ಧೂಳು ಕಪ್ಪಗೆ ಅಂಟಿಕೊಂಡಿದ್ದರೆ ಎಣ್ಣೆ ಇನ್ನೂ ಒಸರುತ್ತಿದೆಯೆಂದು ತಿಳಿಯಿರಿ.